ಓದುಗರ ಪ್ರಶ್ನೆ: ನ್ಯೋಕ್ಕಿ ಯಾಕೆ ಗಟ್ಟಿಯಾಗತ್ತೆ, ಇಟಲಿಯಲ್ಲಿ ಹೇಗೆ ಮಾಡಿ ಬಡಿಸ್ತಾರೆ?

ಹೋದ ಸಂಚಿಕೆಯಲ್ಲಿ ಪಾಸ್ತಾ ಬಗ್ಗೆ ಬರೀತಾ ನ್ಯೋಕ್ಕಿ ಹೆಸರನ್ನ ಒಂದೇ ಸಲ ಹೇಳಿ ಮುಂದಕ್ಕೆ ಹೋಗಿದ್ದೆ, ಅದನ್ನ ಹಿಡ್ಕೊಂಡು ತುಂಬಾ ಜನ ಬರೆದಿದೀರ. ಒಂದೇ ತರದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿ, ಈ ಸಲದ ಅಂಕಣ ಪೂರ್ತಿ ಇಟಲಿಯ ಈ ಮೆತ್ತಗಿನ ಉಂಡೆಗಳಿಗೇ ಬಿಟ್ಟಿದೀನಿ.

ಪ್ರಶ್ನೆ: ನ್ಯೋಕ್ಕಿ ಅಂದ್ರೆ ಆಲೂಗಡ್ಡೆ ಉಂಡೆ ಅಂತ ಅಂದ್ಕೊಂಡಿದ್ದೆ. ಆದ್ರೆ ಒಂದು ಕಡೆ ರವೆ ಅಂತಾರೆ, ಇನ್ನೊಂದು ಕಡೆ ಬ್ರೆಡ್ ಅಂತಾರೆ. ನಿಜವಾದ ನ್ಯೋಕ್ಕಿ ಯಾವುದು?

ಉತ್ತರ: ಎಲ್ಲವೂ ನಿಜವಾದ್ದೇ, ಬೇಜಾರು ಮಾಡ್ಕೋಬೇಡಿ. ಆಲೂಗಡ್ಡೆ ದಕ್ಷಿಣ ಅಮೆರಿಕದಿಂದ ಯುರೋಪಿಗೆ ಬಂದಿದ್ದೇ 16ನೇ ಶತಮಾನದಲ್ಲಿ, ಬಂದ್ಮೇಲೂ ಅದನ್ನ ದಿನದ ಊಟಕ್ಕೆ ಅಂತ ಜನ ಒಪ್ಪೋಕೆ ತುಂಬಾ ಕಾಲ ಹಿಡೀತು, ಇಟಲಿಯಲ್ಲಿ ಆಲೂಗಡ್ಡೆ ನ್ಯೋಕ್ಕಿ ಮನೆಮನೆಗೂ ಹಬ್ಬಿದ್ದು 19ನೇ ಶತಮಾನದಲ್ಲಿ ಅನ್ನಬಹುದು. ಅದಕ್ಕೂ ಮುಂಚೆ ನ್ಯೋಕ್ಕಿ ಇರಲಿಲ್ವಾ ಅಂದ್ರೆ ಇತ್ತು, ಚೆನ್ನಾಗೇ ಇತ್ತು. ಗೋಧಿ ಹಿಟ್ಟು, ಒಣಗಿದ ಬ್ರೆಡ್ಡು, ತಾಜಾ ಚೀಸು, ಮನೇಲಿ ಏನಿದ್ಯೋ ಅದನ್ನ ಕಲಸಿ, ಸಣ್ಣಸಣ್ಣ ತುಂಡು ಮಾಡಿ, ಕುದಿಯೋ ನೀರಿಗೋ ಸಾರಿಗೋ ಹಾಕಿ ಬೇಯಿಸ್ತಿದ್ರು. ಬಡವರ ಮನೆಯಲ್ಲಿ ಹೊಟ್ಟೆ ತುಂಬಿಸೋಕೆ ಹುಟ್ಟಿದ ಅಡುಗೆ ಇದು, ಏನನ್ನೂ ಬಿಸಾಡಬಾರದು ಅನ್ನೋ ಮನೆಗಳ ಅಡುಗೆ. ಹಾಗಾಗಿ ಬೆಟ್ಟದ ಕಡೆ ಹೋದ್ರೆ ಬ್ರೆಡ್ಡಿಂದು ಸಿಗತ್ತೆ, ಟಸ್ಕನಿಯಲ್ಲಿ ರಿಕೊಟಾ ಅನ್ನೋ ಮೆತ್ತಗಿನ ತಾಜಾ ಚೀಸು ಮತ್ತು ಪಾಲಕ್‌ದು, ರೋಮ್‌ನಲ್ಲಿ ರವೆಯದು, ಮಾಂಟುವಾ ಮತ್ತು ಫ್ರಿಯೂಲಿ ಕಡೆ ಸಿಹಿಗುಂಬಳಕಾಯಿಯದು. ನಿಮಗೆ ಗೊತ್ತಿರೋ ಆಲೂಗಡ್ಡೆದು ಈ ದೊಡ್ಡ ಸಂಸಾರದಲ್ಲಿ ಕಿರಿಯ, ಆದ್ರೆ ಈಗ ಅದಕ್ಕೇ ಹೆಸರು ಜಾಸ್ತಿ.

ಇನ್ನೊಬ್ಬ ಓದುಗರು ಇದು ಪಾಸ್ತಾನೋ ಅಲ್ವೋ ಅಂತ ಕೇಳಿದಾರೆ. ಇಟಲಿಯ ಹೋಟೆಲ್ ಮೆನುನಲ್ಲಿ ಇದನ್ನ ಪ್ರಿಮೊ ಅಂದ್ರೆ ಊಟದ ಮೊದಲ ಮುಖ್ಯ ಸರದಿಯಲ್ಲಿ ಪಾಸ್ತಾ, ರಿಸೊಟ್ಟೊ ಅನ್ನೋ ಅನ್ನದ ಅಡುಗೆ ಜೊತೆಗೇ ಇಡ್ತಾರೆ. ಮಾಂಸದ ಪಕ್ಕದಲ್ಲಿ ಸೈಡ್ ಡಿಶ್ ತರ ಇಡೋ ಪದ್ಧತಿ ಅಲ್ಲಿಲ್ಲ, ಅದೇ ಒಂದು ತಟ್ಟೆ ಪೂರ್ತಿ ಊಟ.

ಪ್ರಶ್ನೆ: ಎಷ್ಟು ಸಲ ಮಾಡಿದ್ರೂ ನನ್ನ ನ್ಯೋಕ್ಕಿ ರಬ್ಬರ್ ಆಗತ್ತೆ. ಹಿಟ್ಟು ಕೈಗೆ ಅಂಟತ್ತೆ ಅಂತ ಮೈದಾ ಹಾಕ್ತಾ ಹೋಗ್ತೀನಿ, ಕೊನೆಗೆ ತಿನ್ನೋಕೇ ಆಗಲ್ಲ. ಏನು ತಪ್ಪಾಗ್ತಿದೆ?

ಉತ್ತರ: ತಪ್ಪು ನಿಮ್ಮ ಪ್ರಶ್ನೆಯ ಮಧ್ಯದಲ್ಲೇ ಇದೆ, ಮೈದಾ ಹಾಕ್ತಾ ಹೋಗ್ತೀನಿ ಅಂದ್ರಲ್ಲ ಅಲ್ಲಿ. ಆದ್ರೆ ಮೈದಾ ಜಾಸ್ತಿ ಯಾಕೆ ಬೇಕಾಗ್ತಿದೆ ಅಂತ ಹಿಂದಕ್ಕೆ ಹೋಗಿ ನೋಡಿದ್ರೆ ಕಾರಣ ನೀರು. ನಾನು ಈ ವಿಷಯದಲ್ಲಿ ಸ್ವಲ್ಪ ಹಟ ಹಿಡಿದೇ ಹೇಳ್ತೀನಿ, ಆಲೂಗಡ್ಡೆ ನ್ಯೋಕ್ಕಿ ಮಾಡೋದು ಅಂದ್ರೆ ಆಲೂಗಡ್ಡೆಯಿಂದ ನೀರು ಓಡಿಸೋದು, ಅಷ್ಟು ಸರಿಯಾಗಿ ಮಾಡಿದ್ರೆ ಮಿಕ್ಕಿದ್ದೆಲ್ಲ ತಾನಾಗೇ ಸರಿಹೋಗತ್ತೆ.

ಮೊದಲು ಆಲೂಗಡ್ಡೆ ಆರಿಸೋದು. ಹೊಸ ಆಲೂಗಡ್ಡೆ ಬೇಡ್ವೇ ಬೇಡ, ಅದರಲ್ಲಿ ನೀರು ಜಾಸ್ತಿ, ಪಿಷ್ಟ ಕಮ್ಮಿ. ಕೊಯ್ದು ಕೆಲವು ವಾರ ಇಟ್ಟಿರೋ, ಬೇಯಿಸಿದ್ರೆ ಪುಡಿಪುಡಿಯಾಗಿ ಒಡೆಯೋ ಜಾತಿ ಬೇಕು, ಇಟಲಿಯ ಮನೆಗಳಲ್ಲಿ ಹಳೆ ಆಲೂಗಡ್ಡೆ ಅಂತ್ಲೇ ಕೇಳಿ ತರ್ತಾರೆ. ಹೆಚ್ಚುಕಮ್ಮಿ ಒಂದೇ ಸೈಜಿನವು ಆರಿಸ್ಕೊಳ್ಳಿ, ಇಲ್ಲಾಂದ್ರೆ ಸಣ್ಣದು ಒಡೆದು ನೀರು ಕುಡಿಯೋ ಹೊತ್ತಿಗೆ ದೊಡ್ಡದರ ಒಳಗೆ ಇನ್ನೂ ಹಸಿ ಇರತ್ತೆ. ಸಿಪ್ಪೆ ಸಮೇತ ತಣ್ಣೀರಿಗೆ ಹಾಕಿ ಕುದಿಸಿ, ಸೈಜಿನ ಮೇಲೆ 30ರಿಂದ 40 ನಿಮಿಷ ಹಿಡಿಯತ್ತೆ. ಸಿಪ್ಪೆ ತೆಗೆದು ಹೆಚ್ಚಿ ಬೇಯಿಸಿದ್ರೆ ಬೇಗ ಆಗತ್ತೆ ನಿಜ, ಆದ್ರೆ ಕತ್ತರಿಸಿದ ಕಡೆಯಿಂದೆಲ್ಲ ನೀರು ಒಳಗೆ ಹೋಗತ್ತೆ. ಬೆಂದಿದೆಯಾ ಅಂತ ಪದೇಪದೇ ಚುಚ್ಚಿ ನೋಡ್ಬೇಡಿ, ಆ ತೂತಲ್ಲೂ ನೀರು ನುಗ್ಗತ್ತೆ. ಓವನ್ ಇದ್ದೋರು ಕಲ್ಲುಪ್ಪಿನ ಹಾಸಿನ ಮೇಲೆ ಇಟ್ಟು ಬೇಯಿಸಿದ್ರೆ ಇನ್ನೂ ಒಳ್ಳೇದು, ಆವಿಯಲ್ಲಿ ಬೇಯಿಸಿದ್ರೂ ನಡೆಯತ್ತೆ.

ಬೆಂದ ತಕ್ಷಣ, ಕೈ ಸುಡ್ತಿದ್ರೂ ಬಟ್ಟೆಯಲ್ಲಿ ಹಿಡ್ಕೊಂಡು ಸಿಪ್ಪೆ ತೆಗೆದು ಒತ್ತುಮಣೆಯಂಥ ಪ್ರೆಸ್‌ನಲ್ಲಿ ಒತ್ತಿ, ಮರದ ಹಲಗೆ ಮೇಲೆ ಹರಡಿ ಬಿಡಿ. ಬಿಸಿ ಇರೋವಾಗಲೇ ಒತ್ತೋಕೆ ಕಾರಣ ಇದೆ, ಆಗ ಅದು ಹಗುರಾಗಿ ಎಳೆಎಳೆಯಾಗಿ ಬೀಳತ್ತೆ, ಹರಡಿದಾಗ ಹೊಗೆ ಹೋಗೋದು ಕಣ್ಣಿಗೇ ಕಾಣತ್ತೆ, ಆ ಹೊಗೆಯೇ ನಮಗೆ ಬೇಡದ ನೀರು. ಮಿಕ್ಸಿಗೆ ಮಾತ್ರ ದಯವಿಟ್ಟು ಹಾಕ್ಬೇಡಿ! ಬ್ಲೇಡಿನ ಹೊಡೆತಕ್ಕೆ ಪಿಷ್ಟದ ಕಣಗಳು ಒಡೆದು ಆಲೂಗಡ್ಡೆ ಅಂಟಂಟಾಗಿಬಿಡತ್ತೆ, ಆಮೇಲೆ ಯಾರು ಏನು ಮಾಡಿದ್ರೂ ಸರಿಹೋಗಲ್ಲ.

ಈಗ ಮೈದಾ. ಒಂದು ಕೇಜಿ ಆಲೂಗಡ್ಡೆಗೆ 250ರಿಂದ 300 ಗ್ರಾಂ, ಅದಕ್ಕಿಂತ ಜಾಸ್ತಿ ಕೇಳ್ತಿದೆ ಅಂದ್ರೆ ಆಲೂಗಡ್ಡೆ ಒದ್ದೆ ಇದೆ ಅಂತ ಅರ್ಥ. ಮೊಟ್ಟೆ ಹಾಕ್ಬೇಕಾ ಅನ್ನೋದರ ಬಗ್ಗೆ ಇಟಲಿಯವರಲ್ಲೇ ಎರಡು ಪಂಗಡ ಇದೆ, ಒಂದು ಮೊಟ್ಟೆ ಹಾಕಿದ್ರೆ ಉಂಡೆ ಬಿಗಿಯಾಗಿ ನಿಲ್ಲತ್ತೆ, ಹೊಸಬರಿಗೆ ಧೈರ್ಯ ಬರತ್ತೆ, ಹಾಕದಿದ್ರೆ ಬಾಯಲ್ಲಿ ಇನ್ನೂ ಮೃದು. ನನ್ನ ಅಭಿಪ್ರಾಯ ಕೇಳಿದ್ರೆ ಆಲೂಗಡ್ಡೆ ಒಳ್ಳೇದಿದ್ರೆ ಮೊಟ್ಟೆ ಬೇಡ. ಮೈದಾ ಸೇರಿಸಿದ್ಮೇಲೆ ಚಪಾತಿ ಹಿಟ್ಟಿನ ಹಾಗೆ ನಾದೋಕೆ ಹೋಗ್ಬೇಡಿ, ನಾದಿದಷ್ಟೂ ಗ್ಲುಟನ್ ಅಂದ್ರೆ ಮೈದಾದ ಅಂಟು ಬಲಿತು ಜಗಿಯೋ ಹಾಗಾಗತ್ತೆ, ನಿಮಗೆ ರಬ್ಬರ್ ಅನ್ನಿಸ್ತಿರೋದು ಅದೇ. ಸುಮ್ನೆ ಕೂಡಿಸಿ, ಮಡಚಿ, ಒತ್ತಿ, ಹಿಟ್ಟು ಒಂದಾಯ್ತು ಅನ್ನೋ ಕ್ಷಣದಲ್ಲಿ ಕೈ ತೆಗೀಬೇಕು. ಮತ್ತೆ ಅದನ್ನ ಮುಚ್ಚಿಟ್ಟು ಬೇರೆ ಕೆಲಸಕ್ಕೆ ಹೋಗೋ ಹಾಗಿಲ್ಲ, ಇಟ್ಟಷ್ಟೂ ನೀರು ಬಿಟ್ಕೊಂಡು ಮತ್ತೆ ಅಂಟಾಗತ್ತೆ, ಮತ್ತೆ ನಿಮ್ಮ ಕೈ ಮೈದಾ ಡಬ್ಬಿ ಕಡೆ ಹೋಗತ್ತೆ. ಕೂಡಲೇ ಬೆರಳು ದಪ್ಪದ ಹಗ್ಗದ ತರ ಹೊಸೆದು, ಸುಮಾರು 2 ಸೆಂಟಿಮೀಟರ್‌ಗೊಂದು ತುಂಡು ಮಾಡಿ.

ಪ್ರಶ್ನೆ: ನನ್ನದು ಇದಕ್ಕೆ ಉಲ್ಟಾ. ಮೈದಾ ಕಮ್ಮಿ ಹಾಕ್ಬೇಕು ಅಂತ ಓದಿ ತುಂಬಾ ಕಮ್ಮಿ ಹಾಕಿದೆ, ಕುದಿಯೋ ನೀರಲ್ಲಿ ಎಲ್ಲಾ ಕರಗಿ ಗಂಜಿಯಾಯ್ತು.

ಉತ್ತರ: ಇದು ಹಳೇ ಕಷ್ಟ, ನೀವೊಬ್ರೇ ಅಲ್ಲ. ಪೆಲ್ಲೆಗ್ರಿನೊ ಆರ್ಟುಸಿ ಅಂತ ಇಟಲಿಯ ಮನೆ ಅಡುಗೆ ಬಗ್ಗೆ 1891ರಲ್ಲಿ ಪುಸ್ತಕ ತಂದವರು, ಅಲ್ಲಿ ಇಂದಿಗೂ ಅವರ ಹೆಸರು ಹೇಳದೆ ಅಡುಗೆ ಮಾತು ಮುಗಿಯಲ್ಲ, ಅವರೂ ಇದನ್ನೇ ಬರೆದಿದಾರೆ, ಒಬ್ಬ ಹೆಂಗಸು ನ್ಯೋಕ್ಕಿನ ಪಾತ್ರೆಗೆ ಹಾಕಿ ಸೌಟಿಂದ ತಿರುವಿ ನೋಡಿದ್ರೆ ಒಳಗೆ ಏನೂ ಇಲ್ಲ, ಎಲ್ಲಾ ಮಾಯ, ಕಾರಣ ಹಿಟ್ಟು ಸಾಲದೆ ಹೋಗಿತ್ತು. ಅವರ ಅಳತೆ 400 ಗ್ರಾಂ ಆಲೂಗಡ್ಡೆಗೆ 150 ಗ್ರಾಂ ಗೋಧಿ ಹಿಟ್ಟು, ಮೊಟ್ಟೆ ಇಲ್ಲ. ನಾನು ಮೇಲೆ ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿನೇ ಅದು, ಆದ್ರೆ ಕೈ ಕೂರೋ ತನಕ ಆ ಅಳತೆ ಇಟ್ಕೊಂಡ್ರೂ ತಪ್ಪಿಲ್ಲ.

ಇದಕ್ಕೆ ಒಂದು ಸುಲಭದ ಉಪಾಯ, ಎಲ್ಲಾ ತುಂಡು ಮಾಡೋ ಮುಂಚೆ ಒಂದೇ ಒಂದು ಉಂಡೆನ ಕುದಿಯೋ ನೀರಿಗೆ ಬಿಟ್ಟು ನೋಡಿ. ಒಡೆದ್ರೆ ಹಿಟ್ಟಿಗೆ ಇನ್ನೊಂದು ಚಮಚ ಮೈದಾ, ನಿಂತ್ರೆ ಮುಂದುವರಿಸಿ. ನೀರು ಧಾರಾಳವಾಗಿರಲಿ, ಉಪ್ಪು ಹಾಕಿರಲಿ, ಕುದಿ ಬರ್ತಿರಲಿ ಆದ್ರೆ ಉಕ್ಕಿ ಬೊಬ್ಬೆ ಹೊಡೆಯೋಷ್ಟು ಬೇಡ. ಒಂದೇ ಸಲಕ್ಕೆ ಪಾತ್ರೆ ತುಂಬ ಹಾಕಿದ್ರೆ ನೀರು ತಣ್ಣಗಾಗಿ ಉಂಡೆಗಳು ತಳದಲ್ಲೇ ಕೂತು ಕರಗೋಕೆ ಶುರು ಮಾಡ್ತವೆ, ಸ್ವಲ್ಪಸ್ವಲ್ಪವೇ ಹಾಕಿ. ಮೇಲೆ ತೇಲಿ ಬಂದ್ವು ಅಂದ್ರೆ ಬೆಂದವು, ಕೆಲವು ಸೆಕೆಂಡು ಬಿಟ್ಟು ಜಾಲರಿ ಸೌಟಲ್ಲಿ ತೆಗೆದು ನೇರವಾಗಿ ಸಾಸ್‌ಗೇ ಹಾಕಿ. ಪಾಸ್ತಾ ತರ ಜರಡಿಗೆ ಸುರೀಬೇಡಿ, ಒಂದರ ಮೇಲೊಂದು ಬಿದ್ದು ಮುದ್ದೆಯಾಗತ್ತೆ.

ಪ್ರಶ್ನೆ: ಫೋರ್ಕ್ ಮೇಲೆ ಉರುಳಿಸಿ ಗೀರು ಹಾಕೋದು ಬರೀ ಚೆಂದಕ್ಕಾ?

ಉತ್ತರ: ಚೆಂದ ಅಂತೂ ಹೌದು, ಆದ್ರೆ ಕೆಲಸ ಬೇರೆನೂ ಇದೆ. ಗೀರಲ್ಲಿ ಸಾಸ್ ನಿಲ್ಲತ್ತೆ, ಹೆಬ್ಬೆರಳು ಒತ್ತಿದ ಕಡೆ ಆಗೋ ಕುಳಿಯಿಂದ ಉಂಡೆಯ ನಡುಭಾಗ ತೆಳ್ಳಗಾಗಿ ಒಳಗೂ ಹೊರಗೂ ಒಂದೇ ಸಮ ಬೇಯತ್ತೆ. ಇಟಲಿಯಲ್ಲಿ ಇದಕ್ಕೆ ಅಂತ್ಲೇ ಗೀರುಗೀರಿನ ಸಣ್ಣ ಮರದ ಹಲಗೆ ಸಿಗತ್ತೆ, ಇಲ್ಲದಿದ್ರೆ ಫೋರ್ಕ್ ಸಾಕು, ತುರಿಯೋ ಮಣೆಯ ಹಿಂಭಾಗವನ್ನೂ ಬಳಸ್ತಾರೆ. ಟೈಮ್ ಇಲ್ಲಾಂದ್ರೆ ಸುಮ್ನೆ ತುಂಡು ಮಾಡಿ ಹಾಕಿ, ಕರಗಿಸಿದ ಬೆಣ್ಣೆ ಜೊತೆ ಅದೂ ಚೆನ್ನಾಗಿರತ್ತೆ.

ಪ್ರಶ್ನೆ: ರೋಮ್‌ಗೆ ಪ್ರವಾಸ ಹೋದಾಗ ಗುರುವಾರ ಹೋಟೆಲ್‌ಗಳ ಮುಂದೆ ನ್ಯೋಕ್ಕಿ ಅಂತ ಬೋರ್ಡ್ ಹಾಕಿದ್ರು. ಗುರುವಾರವೇ ಯಾಕೆ? ಮತ್ತೆ ರೋಮನ್ ನ್ಯೋಕ್ಕಿ ಅಂತ ತರಿಸಿಕೊಂಡ್ರೆ ಬಿಲ್ಲೆಬಿಲ್ಲೆಯಾಗಿ ಓವನ್‌ನಲ್ಲಿ ಬೇಯಿಸಿದ್ದು ಕೊಟ್ರು!

ಉತ್ತರ: ಗುರುವಾರ ನ್ಯೋಕ್ಕಿ, ಶುಕ್ರವಾರ ಮೀನು, ಶನಿವಾರ ಟ್ರಿಪ್ಪಾ ಅಂದ್ರೆ ದನದ ಹೊಟ್ಟೆಭಾಗದ ಅಡುಗೆ, ಇದು ರೋಮ್‌ನ ಹಳೇ ಊಟದ ಲೆಕ್ಕ, ಅಲ್ಲಿನ ಜನರ ಬಾಯಲ್ಲಿ ಗಾದೆ ತರ ಓಡಾಡತ್ತೆ. ಕ್ಯಾಥೋಲಿಕ್ ಪದ್ಧತಿಯಲ್ಲಿ ಶುಕ್ರವಾರ ಮಾಂಸ ಬಿಡಬೇಕು, ಊಟ ಹಗುರ ಇರಬೇಕು, ಹಾಗಾಗಿ ಹಿಂದಿನ ದಿನ ಹೊಟ್ಟೆ ತುಂಬ ಗಟ್ಟಿ ಊಟ ಮಾಡೋ ರೂಢಿ ಬಂತು ಅಂತ ಹೇಳ್ತಾರೆ. ಈಗ ಆ ಕಟ್ಟುಪಾಡು ಸಡಿಲ ಆಗಿದೆ, ಆದ್ರೂ ಹಳೇ ಟ್ರಟೋರಿಯಾಗಳು, ಅಂದ್ರೆ ಮನೆ ಊಟದ ತರದ ಹೋಟೆಲ್‌ಗಳು, ಗುರುವಾರದ ನ್ಯೋಕ್ಕಿನ ಬಿಟ್ಟಿಲ್ಲ, ಬಿಡಬಾರದು ಕೂಡ.

ಬಿಲ್ಲೆ ವಿಷಯಕ್ಕೆ ಬಂದ್ರೆ, ನಿಮಗೆ ಕೊಟ್ಟಿದ್ದು ಸರಿಯಾದ್ದೇ. 'ನ್ಯೋಕ್ಕಿ ಅಲ್ಲಾ ರೊಮಾನಾ' ಅಂದ್ರೆ ರೋಮ್ ಶೈಲಿಯ ನ್ಯೋಕ್ಕಿ, ಅದರಲ್ಲಿ ಆಲೂಗಡ್ಡೆ ಇಲ್ಲ, ರವೆ. ಒಂದು ಲೀಟರ್ ಹಾಲು ಕಾಯಿಸಿ, ಉಪ್ಪು, ಜಾಯಿಕಾಯಿ, ಒಂದು ತುಂಡು ಬೆಣ್ಣೆ ಹಾಕಿ, ಕುದಿ ಬಂದಾಗ 250 ಗ್ರಾಂ ಸಣ್ಣ ರವೆಯನ್ನ ಮಳೆ ಸುರಿದ ಹಾಗೆ ಉದುರಿಸ್ತಾ ಕೈ ಬಿಡದೆ ತಿರುವ್ತಾರೆ. ಗಟ್ಟಿಯಾಗಿ ಪಾತ್ರೆ ಬಿಡ್ತಾ ಬಂದಾಗ ಒಲೆಯಿಂದ ಇಳಿಸಿ, ಸ್ವಲ್ಪ ಬಿಸಿ ಆರಿದ ಮೇಲೆ ಎರಡು ಮೊಟ್ಟೆಯ ಹಳದಿ, ತುರಿದ ಪಾರ್ಮಿಜಾನೊ ಚೀಸ್ ಸೇರಿಸಿ, ಒದ್ದೆ ಮಾಡಿದ ತಟ್ಟೆ ಮೇಲೆ ಒಂದು ಸೆಂಟಿಮೀಟರ್ ದಪ್ಪಕ್ಕೆ ಹರಡಿ ತಣ್ಣಗಾಗೋಕೆ ಬಿಡೋದು. ಆಮೇಲೆ ಲೋಟದ ಬಾಯಿಂದ ದುಂಡಗೆ ಕತ್ತರಿಸಿ, ಬೆಣ್ಣೆ ಸವರಿದ ಓವನ್ ಪಾತ್ರೆಯಲ್ಲಿ ಒಂದರ ಮೇಲೊಂದು ಅರ್ಧರ್ಧ ಕೂರೋ ಹಾಗೆ ಸಾಲಾಗಿ ಜೋಡಿಸಿ, ಮೇಲೆ ಕರಗಿದ ಬೆಣ್ಣೆ ಮತ್ತು ಚೀಸ್ ಉದುರಿಸಿ 200 ಡಿಗ್ರಿಯಲ್ಲಿ 20-25 ನಿಮಿಷ, ಮೇಲ್ಭಾಗ ಹೊಂಬಣ್ಣಕ್ಕೆ ಬರೋ ತನಕ. ಕತ್ತರಿಸಿ ಉಳಿದ ಚೂರುಗಳನ್ನ ಪಾತ್ರೆಯ ತಳಕ್ಕೆ ಹಾಕ್ತಾರೆ, ಬಿಸಾಡಲ್ಲ. ಆಲೂಗಡ್ಡೆದು ಹಾಳಾಗತ್ತೆ ಅನ್ನೋ ಭಯ ಇರೋರು ಇದರಿಂದ ಶುರು ಮಾಡ್ಲಿ ಅಂತ ನನ್ನ ಸಲಹೆ, ಇದು ಕೈಕೊಡೋದು ಕಮ್ಮಿ, ಹಿಂದಿನ ದಿನವೇ ಅರ್ಧ ಕೆಲಸ ಮುಗಿಸಿ ಇಟ್ಕೋಬಹುದು.

ಪ್ರಶ್ನೆ: ವೆರೋನಾದಲ್ಲಿ ನ್ಯೋಕ್ಕಿಗೇ ಒಂದು ಹಬ್ಬ ಇದೆ ಅಂತ ಕೇಳಿದೀನಿ, ನಿಜಾನಾ?

ಉತ್ತರ: ನಿಜ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು ಶುರುವಾಗೋ ಮೊದಲು ಕಾರ್ನಿವಲ್ ನಡೆಯತ್ತಲ್ಲ, ಅದರ ಕೊನೆಯ ಶುಕ್ರವಾರ ವೆರೋನಾದಲ್ಲಿ ದೊಡ್ಡ ಮೆರವಣಿಗೆ. ಅದರ ನಾಯಕ ಪಾಪಾ ದೆಲ್ ನ್ಯೋಕೊ, ಬಿಳಿ ಗಡ್ಡದ ರಾಜನ ವೇಷ, ಕೈಯಲ್ಲಿ ದೊಡ್ಡ ಫೋರ್ಕು, ಅದರ ತುದಿಗೆ ಚುಚ್ಚಿದ ಒಂದು ಭಾರೀ ನ್ಯೋಕ್ಕಿ. ಈ ಪಾತ್ರಕ್ಕೆ ಸಾನ್ ಜೆನೊ ಅನ್ನೋ ಬಡಾವಣೆಯಲ್ಲಿ ಚುನಾವಣೆನೇ ನಡೆಸಿ ಆರಿಸ್ತಾರೆ. ಊರಿನ ನಂಬಿಕೆ ಪ್ರಕಾರ ಇದರ ಮೂಲ 1531ರ ಬರಗಾಲ, ಹಸಿದ ಜನ ದಂಗೆ ಏಳೋ ಹೊತ್ತಲ್ಲಿ ಟೊಮಾಸೊ ದಾ ವಿಕೊ ಅನ್ನೋ ವೈದ್ಯರು ಸಾನ್ ಜೆನೊದ ಬಡವರಿಗೆ ಹಿಟ್ಟು, ಬೆಣ್ಣೆ, ಚೀಸು, ವೈನು ಹಂಚೋ ವ್ಯವಸ್ಥೆ ಮಾಡಿದ್ರಂತೆ. ನೋಡಿ, ಆ ಕಾಲಕ್ಕೆ ಅಲ್ಲಿ ಆಲೂಗಡ್ಡೆ ಇರ್ಲೇ ಇಲ್ಲ, ಆ ಕಥೆಯ ನ್ಯೋಕ್ಕಿ ಬರೀ ಹಿಟ್ಟಿಂದು. ಈಗ ಹಬ್ಬದ ದಿನ ತಿನ್ನೋದು ಆಲೂಗಡ್ಡೆದು, ಟೊಮೆಟೊ ಸಾಸ್ ಜೊತೆ, ಇಲ್ಲಾ ಪಾಸ್ಟಿಸಾದಾ ಅಂತ ವೈನ್‌ನಲ್ಲಿ ಗಂಟೆಗಟ್ಟಲೆ ಬೇಯಿಸಿದ ಕುದುರೆ ಮಾಂಸದ ಸಾಸ್ ಜೊತೆ. ಹೌದು, ಕುದುರೆಯದೇ, ಅದು ವೆರೋನಾದ ಹಳೇ ಅಡುಗೆ, ಹೋಟೆಲ್‌ನಲ್ಲಿ ತರಿಸೋ ಮುಂಚೆ ಗೊತ್ತಿರಲಿ ಅಂತ ಹೇಳಿದೆ.

ಪ್ರಶ್ನೆ: ಯಾವ ಸಾಸ್ ಹಾಕಿದ್ರೆ ಸರಿ? ನಾನು ಕ್ರೀಮು, ಚೀಸು, ಬೆಳ್ಳುಳ್ಳಿ, ಮಶ್ರೂಮ್ ಎಲ್ಲಾ ಹಾಕಿ ಬಡಿಸ್ತೀನಿ, ಅಲ್ಲಿ ಹಾಗೆ ಮಾಡ್ತಾರಾ?

ಉತ್ತರ: ನಿಮ್ಮ ಮನೆ, ನಿಮ್ಮ ರುಚಿ, ಆದ್ರೆ ನ್ಯೋಕ್ಕಿಯ ಸ್ವಂತ ರುಚಿ ತುಂಬಾ ಮೆಲ್ಲಗೆ ಇರತ್ತೆ, ಅಷ್ಟೆಲ್ಲ ಹಾಕಿದ್ರೆ ಅದು ಇದೆಯೋ ಇಲ್ವೋ ಗೊತ್ತಾಗಲ್ಲ. ಅಲ್ಲಿ ಒಂದೊಂದು ಊರಿಗೆ ಒಂದೊಂದು ಜೋಡಿ ಇದೆ, ಸಾಮಾನ್ಯವಾಗಿ ಎರಡು ಮೂರು ಪದಾರ್ಥ ಅಷ್ಟೇ. ಉತ್ತರದಲ್ಲಿ ಬೆಣ್ಣೆ ಮತ್ತು ಸೇಜ್ ಅನ್ನೋ ಸುವಾಸನೆ ಗಿಡದ ಎಲೆ, ಬೆಣ್ಣೆ ನೊರೆ ಬಂದು ನಸುಗಂದು ಬಣ್ಣಕ್ಕೆ ತಿರುಗೋವಾಗ ಎಲೆ ಹಾಕಿ ಗರಿಗರಿ ಮಾಡಿ ಮೇಲೆ ಸುರೀತಾರೆ, ನನಗೆ ಇದಕ್ಕಿಂತ ಒಳ್ಳೇದು ಇಲ್ಲ. ಆವೋಸ್ಟಾ ಕಣಿವೆಯಲ್ಲಿ ಫೊಂಟಿನಾ ಚೀಸ್ ಕರಗಿಸಿ ಎಳೆಎಳೆಯಾಗಿ ಬರೋ ಹಾಗೆ ಕೊಡ್ತಾರೆ, ಅದರ ಹೆಸರು 'ನ್ಯೋಕ್ಕಿ ಅಲ್ಲಾ ಬಾವಾ'. ಪಿಯೆಮೊಂಟೆಯ ಕೂನಿಯೊ ಕಡೆ ಕಾಸ್ಟೆಲ್ಮಾನ್ಯೊ ಚೀಸಿಂದು. ಫ್ರಿಯೂಲಿಯಲ್ಲಿ ಕುಂಬಳಕಾಯಿ ನ್ಯೋಕ್ಕಿ, ಆ ಹಿಟ್ಟು ಹೊಸೆಯೋಕೆ ಆಗದಷ್ಟು ಸಡಿಲ, ಚಮಚದಲ್ಲೇ ನೀರಿಗೆ ಬಿಡ್ತಾರೆ, ಮೇಲೆ ಹೊಗೆ ಹಾಕಿದ ರಿಕೊಟಾ ತುರೀತಾರೆ, ಸಿಹಿಯ ಜೊತೆ ಆ ಹೊಗೆ ವಾಸನೆ ಬಹಳ ಚೆನ್ನಾಗಿ ಕೂರತ್ತೆ. ಲಿಗೂರಿಯಾದಲ್ಲಿ ಪೆಸ್ಟೊ, ಅಂದ್ರೆ ಬೇಸಿಲ್ ಎಲೆ ಅರೆದು ಮಾಡೋ ಹಸಿರು ಚಟ್ನಿಯಂಥ ಸಾಸ್. ದಕ್ಷಿಣಕ್ಕೆ ಬಂದ್ರೆ ಸೊರೆಂಟೊದ್ದು ಜಗತ್ತಿಗೆಲ್ಲ ಗೊತ್ತು, ಟೊಮೆಟೊ ಸಾಸ್, ಹಸುವಿನ ಹಾಲಿನ ಮೊಜರೆಲ್ಲಾ, ತುಳಸಿ ಜಾತಿಯ ಬೇಸಿಲ್ ಎಲೆ, ಎಲ್ಲಾ ಸೇರಿಸಿ ಸಣ್ಣ ಮಣ್ಣಿನ ಪಾತ್ರೆಯಲ್ಲಿ ಓವನ್‌ಗೆ ಇಟ್ಟು, ಕುದೀತಾ ಇರೋವಾಗಲೇ ಟೇಬಲ್‌ಗೆ ತರ್ತಾರೆ. ಮೊಜರೆಲ್ಲಾನ ಮೊದಲೇ ಹೆಚ್ಚಿ ನೀರು ಸೋರೋಕೆ ಬಿಡ್ಬೇಕು, ಇಲ್ಲಾಂದ್ರೆ ಪಾತ್ರೆಯ ತಳದಲ್ಲಿ ನೀರು ನಿಲ್ಲತ್ತೆ.

ಬಡಿಸೋದರಲ್ಲಿ ಒಂದೇ ನಿಯಮ, ಬೆಂದ ಮೇಲೆ ತಡ ಮಾಡಬಾರದು. ತಿನ್ನೋರು ಕೂತಿರಬೇಕು, ತಟ್ಟೆ ಬಿಸಿ ಮಾಡಿ ಇಟ್ಟಿರಬೇಕು, ಸಾಸ್ ರೆಡಿ ಇರಬೇಕು, ಆಮೇಲೆ ನ್ಯೋಕ್ಕಿ ನೀರಿಗೆ. ಆರಿದ್ರೆ ಪಿಷ್ಟ ಬಿಗಿಯಾಗಿ ಅಂಟ್ಕೊಳ್ಳತ್ತೆ. ಒಂದು ಕೇಜಿ ಆಲೂಗಡ್ಡೆಯಿಂದ ನಾಲ್ಕೈದು ಜನಕ್ಕೆ ಆಗತ್ತೆ. ಫೋರ್ಕ್ ಒಂದಿದ್ರೆ ಸಾಕು, ಕೊನೆಗೆ ತಟ್ಟೆಯಲ್ಲಿ ಉಳಿದ ಸಾಸನ್ನ ಬ್ರೆಡ್ ತುಂಡಿಂದ ಒರೆಸಿ ತಿನ್ನೋದು ಮನೆಗಳಲ್ಲಿ ಮಾಮೂಲು.

ಪ್ರಶ್ನೆ: ಉತ್ತರ ಇಟಲಿಯ ಬೆಟ್ಟದ ಊರಲ್ಲಿ ಸೂಪ್ ಒಳಗೆ ಒಂದು ದೊಡ್ಡ ಉಂಡೆ ಕೊಟ್ಟರು, ಚಾಕು ಕೇಳಿದ್ದಕ್ಕೆ ಪಕ್ಕದ ಟೇಬಲ್‌ನವರು ನಕ್ಕರು. ಅದು ಏನು?

ಉತ್ತರ: ಅದು ಕನೆಡೆರ್ಲಿ. ಟ್ರೆಂಟಿನೊ ಮತ್ತು ಆಲ್ಟೊ ಆಡಿಜೆ ಕಡೆಯದು, ಅಲ್ಲಿ ಜರ್ಮನ್ ಮಾತಾಡೋರು ಕ್ನ್ಯೋಡೆಲ್ ಅಂತಾರೆ. ಇದನ್ನ ಚಾಕುವಿಂದ ಕತ್ತರಿಸಿದ್ರೆ ಉಂಡೆ ಗಟ್ಟಿಯಾಗಿದೆ ಅಂತ ಅಡುಗೆ ಮಾಡಿದವರಿಗೆ ಹೇಳಿದ ಹಾಗೆ, ಫೋರ್ಕ್‌ನ ಪಕ್ಕದಿಂದ ಒತ್ತಿದ್ರೆ ಸಾಕು, ತಾನಾಗೇ ಬಿಡಿಸಿಕೊಳ್ಳಬೇಕು, ಅದಕ್ಕೇ ನಕ್ಕಿರ್ತಾರೆ, ಕೆಟ್ಟ ಮನಸ್ಸಿಂದ ಅಲ್ಲ.

ಇದು ಎಷ್ಟು ಹಳೇದು ಅಂದ್ರೆ ಬೊಲ್ಜಾನೊ ಹತ್ರ ಆಪ್ಪಿಯಾನೊ ಕೋಟೆಯ ಪ್ರಾರ್ಥನಾ ಮಂದಿರದ ಗೋಡೆ ಮೇಲೆ, ಸುಮಾರು 1200ರ ಆಸುಪಾಸಿನ ಚಿತ್ರದಲ್ಲಿ, ಯೇಸು ಹುಟ್ಟಿದ ದೃಶ್ಯದ ಪಕ್ಕದಲ್ಲೇ ಒಬ್ಬ ಹೆಂಗಸು ಬಾಣಲೆ ಮುಂದೆ ಕೂತು ಉಂಡೆ ಬಾಯಿಗೆ ಹಾಕ್ಕೊಳ್ತಿದಾಳೆ. ಅಷ್ಟು ದೊಡ್ಡ ಘಟನೆಯ ಪಕ್ಕದಲ್ಲಿ ಅಡುಗೆಯ ರುಚಿ ನೋಡ್ತಿರೋ ಒಬ್ಬ ಸಾಧಾರಣ ಹೆಂಗಸಿಗೆ ಜಾಗ ಕೊಟ್ಟ ಆ ಚಿತ್ರಕಾರನ ಮೇಲೆ ನನಗೆ ತುಂಬಾ ಪ್ರೀತಿ.

ಮಾಡೋದು ಹೀಗೆ, ಎರಡು ಮೂರು ದಿನದ ಒಣಗಿದ ಬ್ರೆಡ್ 300 ಗ್ರಾಂ ಸಣ್ಣಗೆ ಹೆಚ್ಚಿ, ಕಾಲು ಲೀಟರ್ ಹಾಲು, ಮೂರು ಮೊಟ್ಟೆ ಕಲಸಿ ಸುರಿದು, ಬೆಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಹೆಚ್ಚಿದ ಸ್ಪೆಕ್ ಅಂದ್ರೆ ಉಪ್ಪು ಹಾಕಿ ಹೊಗೆಯಲ್ಲಿ ಒಣಗಿಸಿದ ಹಂದಿ ಮಾಂಸ, ಪಾರ್ಸ್ಲಿ, ಎಳೆ ಈರುಳ್ಳಿ ಜಾತಿಯ ಚೈವ್ಸ್, ಎರಡು ಮೂರು ಚಮಚ ಮೈದಾ. ಇದನ್ನ ಮಾತ್ರ ಅರ್ಧ ಗಂಟೆಯಾದ್ರೂ ಮುಚ್ಚಿಡಬೇಕು, ಬ್ರೆಡ್ ಹಾಲು ಕುಡೀಬೇಕಲ್ಲ. ಆಮೇಲೆ ಕೈ ಒದ್ದೆ ಮಾಡ್ಕೊಂಡು 5-6 ಸೆಂಟಿಮೀಟರ್ ಉಂಡೆ ಕಟ್ಟಿ ಮೆಲ್ಲಗೆ ಕುದಿಯೋ ನೀರಲ್ಲಿ 15 ನಿಮಿಷ. ಮಾಂಸದ ತಿಳಿಸಾರಲ್ಲಿ ತೇಲಿಸಿ ಕೊಡ್ತಾರೆ, ಇಲ್ಲಾ ನೀರಿಂದ ತೆಗೆದು ಕರಗಿದ ಬೆಣ್ಣೆ, ಚೀಸ್ ಹಾಕಿ ಕೊಡ್ತಾರೆ. ತಾಜಾ ಬ್ರೆಡ್ ಹಾಕಿದ್ರೆ ಅಂಟುಮುದ್ದೆ ಆಗತ್ತೆ, ಹಳೇದೇ ಬೇಕು.

ಪ್ರಶ್ನೆ: ರಿಕೊಟಾದಿಂದ ಮಾಡೋ ನ್ಯೂಡಿ ನೀರಿಗೆ ಹಾಕಿದ್ರೆ ಬಿಚ್ಕೊಳ್ಳತ್ತೆ, ಏನು ಮಾಡ್ಲಿ?

ಉತ್ತರ: ಮತ್ತೆ ನೀರಿನದೇ ಸಮಸ್ಯೆ! ರಿಕೊಟಾನ ರಾತ್ರಿಯೆಲ್ಲ ಬಟ್ಟೆಯಲ್ಲಿ ಕಟ್ಟಿ ಸೋರೋಕೆ ಬಿಡಿ. ಪಾಲಕ್ ಬೇಯಿಸಿ ಹಿಂಡಿ, ಹಿಂಡಿದ್ದು ಸಾಕು ಅನ್ನಿಸಿದ ಮೇಲೆ ಇನ್ನೊಂದು ಸಲ ಹಿಂಡಿ, ಸಣ್ಣಗೆ ಹೆಚ್ಚಿ. ಎರಡೂ ಸುಮಾರು ಸಮತೂಕ, ಒಂದು ಮೊಟ್ಟೆ, ತುರಿದ ಚೀಸ್, ಜಾಯಿಕಾಯಿ, ಹಿಡಿಯೋಕೆ ಬೇಕಾದಷ್ಟೇ ಮೈದಾ. ಉಂಡೆ ಕಟ್ಟಿ ರವೆ ಹಾಸಿದ ತಟ್ಟೆಯಲ್ಲಿ ಉರುಳಿಸಿ, ಮೇಲೂ ರವೆ ಉದುರಿಸಿ ಫ್ರಿಜ್‌ನಲ್ಲಿ ಕೆಲವು ಗಂಟೆ ಇಟ್ರೆ ಹೊರಗಡೆ ಒಂದು ತೆಳು ಪೊರೆ ಕಟ್ಟತ್ತೆ, ಅದು ಒಳಗಿನ ಮೆತ್ತಗಿನದನ್ನ ಕಾಯತ್ತೆ. ಬೆಣ್ಣೆ ಮತ್ತು ಸೇಜ್ ಇದಕ್ಕೂ ಸರಿ. ಅಮಾಲ್ಫಿ ಕರಾವಳಿಯ ಮಿನೋರಿಯಲ್ಲಿ ಇಂಥದ್ದೇ ರಿಕೊಟಾ ಮತ್ತು ಹಿಟ್ಟಿನ ಉಂಡೆಗೆ ಎನ್‌ಡುಂಡೆರಿ ಅಂತಾರೆ, ಜುಲೈ 13ರ ಸಂತ ಟ್ರೊಫಿಮೆನಾ ಹಬ್ಬಕ್ಕೆ ತಪ್ಪದೆ ಮಾಡ್ತಾರೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನಲ್ಲ. ಇಟಲಿಗೆ ಹೋದ್ರೆ ನ್ಯೋಕ್ಕಿ ಧೈರ್ಯವಾಗಿ ತಿನ್ನಬಹುದಾ?

ಉತ್ತರ: ತಿನ್ನಬಹುದು, ಆದ್ರೆ ಕೇಳಿ ತಿನ್ನಿ. ಆಲೂಗಡ್ಡೆ ನ್ಯೋಕ್ಕಿಗೆ ಕೆಲವು ಕಡೆ ಮೊಟ್ಟೆ ಹಾಕ್ತಾರೆ, ಕೆಲವು ಕಡೆ ಇಲ್ಲ, ಮೊಟ್ಟೆ ಇಲ್ಲದ್ದು ಬೇಕು ಅನ್ನೋಕೆ ಸೆಂತ್ಸಾ ಉಓವಾ ಅಂತ ಹೇಳಿ. ಬ್ರೆಡ್, ರಿಕೊಟಾ, ರೋಮ್‌ನ ರವೆಯದು, ಈ ಮೂರರಲ್ಲೂ ಸಾಮಾನ್ಯವಾಗಿ ಮೊಟ್ಟೆ ಇರತ್ತೆ. ಇನ್ನು ತುಂಬಾ ಜನಕ್ಕೆ ಗೊತ್ತಿಲ್ಲದ ವಿಷಯ ಚೀಸ್‌ದು. ಪಾರ್ಮಿಜಾನೊ ರೆಜ್ಜಾನೊ ಮತ್ತು ಗ್ರಾನಾ ಪಾದಾನೊ ಎರಡಕ್ಕೂ ಹಾಲು ಒಡೆಯೋಕೆ ಬಳಸೋದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್, ಪೆಕೊರಿನೊ ರೊಮಾನೊಗೆ ಕುರಿಮರಿಯದು, ಅವುಗಳ ಅಧಿಕೃತ ನಿಯಮದಲ್ಲೇ ಹಾಗಿದೆ. ಅಂದ್ರೆ ಆ ಹೆಸರಿನ ಚೀಸ್ ಬಿದ್ದ ಅಡುಗೆ ಕಟ್ಟುನಿಟ್ಟಾದ ಸಸ್ಯಾಹಾರಿಗಳಿಗೆ ಆಗಲ್ಲ. ರಿಕೊಟಾನೂ ಚೀಸ್ ಮಾಡಿ ಉಳಿದ ನೀರಿಂದ್ಲೇ ಆಗೋದು, ಅದನ್ನೂ ಯೋಚಿಸಿ. ಟೊಮೆಟೊ ಸಾಸ್ ಜೊತೆ, ಚೀಸ್ ಇಲ್ಲದೆ, ಅಥವಾ ಬೆಣ್ಣೆ ಮತ್ತು ಸೇಜ್ ಜೊತೆ ತಗೊಂಡ್ರೆ ಸುಲಭ. ಅಂಗಡಿಯಲ್ಲಿ ಕೊಳ್ಳೋವಾಗ ಕಾಲ್ಯೊ ವೆಜೆಟಾಲೆ ಅಂತ ಬರೆದಿರೋ ಚೀಸ್ ಸಿಗತ್ತೆ, ಅದರಲ್ಲಿ ಪ್ರಾಣಿಯದು ಇರಲ್ಲ. ಕನೆಡೆರ್ಲಿಯಲ್ಲಿ ಪಾಲಕ್‌ದು, ಬೀಟ್‌ರೂಟ್‌ದು ಇದ್ರೂ ಸಾರು ಮಾಂಸದ್ದೇ ಆಗಿರಬಹುದು, ಅದನ್ನೂ ಕೇಳ್ಬೇಕು. ಕೇಳಿದ್ರೆ ಅಲ್ಲಿ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಪ್ರಶ್ನೆ: ಒಳಗೆ ಹೂರಣ ತುಂಬೋವು ಇದರಿಂದ ಬೇರೇನಾ?

ಉತ್ತರ: ಬೇರೆ, ಅವನ್ನ ತುಂಬಿದ ಪಾಸ್ತಾ ಅಂತಾರೆ, ಅದಕ್ಕೇ ಒಂದು ಸಂಚಿಕೆ ಬೇಕು. ಈಗ ಚಿಕ್ಕದಾಗಿ ಹೇಳ್ತೀನಿ. ಬೊಲೊನ್ಯಾದ ಟೊರ್ಟೆಲ್ಲಿನಿಯ ಹೂರಣ ಏನಿರಬೇಕು ಅಂತ 1974ರ ಡಿಸೆಂಬರ್ 7ರಂದು ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ ದಾಖಲು ಮಾಡಿಸಿದಾರೆ, ಹಂದಿಯ ಸೊಂಟದ ಮಾಂಸ, ಪ್ರೊಶುಟ್ಟೊ ಅಂದ್ರೆ ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆ, ಮೊರ್ಟಾಡೆಲ್ಲಾ ಅನ್ನೋ ಹಂದಿ ಮಾಂಸದ ದೊಡ್ಡ ಸಾಸೇಜು, ಪಾರ್ಮಿಜಾನೊ, ಮೊಟ್ಟೆ, ಜಾಯಿಕಾಯಿ, ಅದನ್ನ ಸಾರಲ್ಲೇ ಕೊಡೋದು ಪದ್ಧತಿ. ಪಿಯೆಮೊಂಟೆಯ ಲಾಂಗೆ ಕಡೆ ಬೆರಳಿಂದ ಚಿವುಟಿ ಮುಚ್ಚೋ ಅನ್ಯೊಲೊಟ್ಟಿ ದೆಲ್ ಪ್ಲಿನ್. ನಿಮ್ಮಲ್ಲಿ ಆಲೂಗಡ್ಡೆ ಪ್ರಿಯರಿದ್ರೆ ಸಾರ್ಡಿನಿಯಾದ ಒಲ್ಯಾಸ್ಟ್ರಾ ಸೀಮೆಯ ಕುಲುರ್ಜೋನೆಸ್ ನೋಡ್ಬೇಕು, ಆಲೂಗಡ್ಡೆ, ಪೆಕೊರಿನೊ, ಪುದೀನ ತುಂಬಿ ಗೋಧಿ ತೆನೆಯ ಆಕಾರಕ್ಕೆ ಮಡಿಕೆ ಹಾಕಿ ಮುಚ್ತಾರೆ, ಕೈಚಳಕ ನೋಡ್ತಾ ಕೂರಬಹುದು.

ಪ್ರಶ್ನೆ: ಸಿಹಿ ನ್ಯೋಕ್ಕಿ ಇದೆಯಾ?

ಉತ್ತರ: ಟ್ರಿಯೆಸ್ಟೆಯಲ್ಲಿದೆ. ಆಸ್ಟ್ರಿಯಾ-ಹಂಗೇರಿ ಆಳ್ವಿಕೆಯಲ್ಲಿದ್ದ ಊರು, ಆ ರುಚಿ ಉಳ್ಕೊಂಡಿದೆ. ಪ್ಲಮ್ ಹಣ್ಣಿನ ಬೀಜ ತೆಗೆದು ಆ ಜಾಗಕ್ಕೆ ಸಕ್ಕರೆ ಹಾಕಿ, ಆಲೂಗಡ್ಡೆ ಹಿಟ್ಟಲ್ಲಿ ಸುತ್ತಿ ಉಂಡೆ ಕಟ್ಟಿ ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ, ಸಕ್ಕರೆ, ದಾಲ್ಚಿನ್ನಿಯಲ್ಲಿ ಉರುಳಿಸ್ತಾರೆ. ಇದನ್ನ ಅಲ್ಲಿನವರು ಊಟದ ಕೊನೆಗೆ ಮಾತ್ರ ಅಲ್ಲ, ಪ್ರಿಮೊ ಆಗಿ ಊಟದ ಮೊದಲಲ್ಲೂ ತಿಂತಾರೆ.

ಪ್ರಶ್ನೆ: ಹಿಂದಿನ ದಿನವೇ ಮಾಡಿ ಇಡಬಹುದಾ?

ಉತ್ತರ: ಆಲೂಗಡ್ಡೆದನ್ನ ಹಸಿಯಾಗಿ ಫ್ರಿಜ್‌ನಲ್ಲಿ ಇಡ್ಬೇಡಿ, ನೀರು ಬಿಟ್ಟು ಒಂದಕ್ಕೊಂದು ಅಂಟ್ಕೊಂಡು ಕಪ್ಪಾಗತ್ತೆ. ಫ್ರೀಜರ್‌ನಲ್ಲಿ ಇಡಬಹುದು. ಮಾಡಿದ ಕೂಡಲೇ ರವೆ ಉದುರಿಸಿದ ಟ್ರೇಯಲ್ಲಿ ಒಂದಕ್ಕೊಂದು ತಾಗದ ಹಾಗೆ ಹರಡಿ, ಕಲ್ಲಿನಷ್ಟು ಗಟ್ಟಿಯಾದ ಮೇಲೆ ಚೀಲಕ್ಕೆ ಹಾಕಿ. ಬೇಯಿಸೋವಾಗ ಕರಗೋಕೆ ಬಿಡದೆ ಫ್ರೀಜರ್‌ನಿಂದ ನೇರವಾಗಿ ಕುದಿಯೋ ನೀರಿಗೆ, ಮಾಮೂಲಿಗಿಂತ ಇನ್ನೂ ಸ್ವಲ್ಪಸ್ವಲ್ಪವೇ ಹಾಕಿ, ಯಾಕಂದ್ರೆ ನೀರಿನ ಬಿಸಿ ಬೇಗ ಇಳಿಯತ್ತೆ.